ಎಡಗಲ್ಲದ ಬೆವರು

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲದಲ್ಲಿ ಉಂಡವರಿಗೆ ಅವತ್ತಿನ ಗಾಳಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ತೊಗರಿ ಕಾಯಿ ಬಲಿತು ನಿಂತಿರುತ್ತದೆ, ಬಿಸಿಲಿದ್ದರೂ ಚುರುಗುಟ್ಟುವುದಿಲ್ಲ, ಚರಗ ಚೆಲ್ಲಿ ಬಂದವರು ಜಮಖಾನ ಹಾಸಿ ಕೂತು ಸಜ್ಜಿ ರೊಟ್ಟಿ ಮುರಿಯುತ್ತಾರೆ. ಜೊತೆಗೆ ಭಜ್ಜಿ. (ದಕ್ಷಿಣದವರು ಕ್ಷಮಿಸಬೇಕು, ಇದು ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ. ಇದ್ದಬದ್ದ ಹಸಿಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಕೂಡಿಸಿ ಹುಣಸೆಹುಳಿ ಹಾಕಿ ಕುದಿಸಿದ್ದು.) ಸೇಡಂ ಕಡೆ ನಮ್ಮ ಕಾಕಾನ ಹೊಲದಲ್ಲಿ ಎರಡನೇ ತುತ್ತು ಬಾಯಿಗಿಟ್ಟಿದ್ದೆ. ಎದುರಿಗೆ ಕೂತಿದ್ದ ತಂಗಿಯ ಮಗಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ದೊಡ್ಡವ್ವಾ, ನಿನ್ನ ಒಂದೇ ಕಪಾಳಕ್ಕ ಬೆವರು ಬಂದದ ನೋಡು."

ಸೆರಗಿನಿಂದ ಒರೆಸಿಕೊಂಡೆ. ಇನ್ನೊಂದು ತುತ್ತು ತಿಂದೆ. ಮತ್ತೆ ಬಂತು. ಎಡಗಿವಿಯ ಮುಂದಿನಿಂದ ಗಲ್ಲದವರೆಗೆ ಒಂದು ಅಂಗೈ ಅಗಲದಷ್ಟು ಜಾಗ ತೊಯ್ದಿತ್ತು. ಬಲಗಡೆ ಒಣಒಣ. ಹಣೆಯ ಮೇಲೆ ಒಂದು ಹನಿಯಿಲ್ಲ.

ಅದು ಆವತ್ತು ಶುರುವಾದದ್ದಲ್ಲ ಅಂತ ಆಮೇಲೆ ಲೆಕ್ಕ ಹಾಕಿದರೆ ತಿಳಿಯಿತು. ಹಿಂದಿನ ಬೇಸಿಗೆಯಿಂದಲೇ ಊಟಕ್ಕೆ ಕೂತಾಗ ಎಡಗಲ್ಲ ಒರೆಸಿಕೊಳ್ಳುತ್ತಿದ್ದೆ. ಆದರೆ ಏಪ್ರಿಲ್‌ನಲ್ಲಿ 42 ಡಿಗ್ರಿ ಕಾಯುವ ಕಲಬುರಗಿಯಲ್ಲಿ ಯಾವ ಗಲ್ಲ ಬೆವರಿತು, ಯಾವುದು ಬೆವರಲಿಲ್ಲ ಅಂತ ಯಾರು ಲೆಕ್ಕ ಇಡುತ್ತಾರೆ? ಇದು ಬೇರೆ ಬೆವರು ಅಂತ ಗೊತ್ತಾಗಲು ಥಂಡಿ ದಿನವೇ ಬರಬೇಕಾಯಿತು.

ಆ ಎಳ್ಳಮಾಸಿಗೆ ಹದಿಮೂರು ತಿಂಗಳ ಹಿಂದೆ ನನ್ನ ಎಡಗಿವಿಯ ಕೆಳಗಿನ ಗಂಟು ತೆಗೆಸಿಕೊಂಡಿದ್ದೆ. ಮೊದಲು ಹುಣಸೆಬೀಜದಷ್ಟಿತ್ತು, ನಾಲ್ಕು ವರ್ಷದಲ್ಲಿ ನೆಲ್ಲಿಕಾಯಿಯಷ್ಟಾಗಿತ್ತು. ನೋವಿಲ್ಲ, ಜ್ವರವಿಲ್ಲ. ನೋವಿಲ್ಲದ್ದು ಬ್ಯಾನಿಯೇ ಅಲ್ಲ ಅಂದುಕೊಂಡು ಓಡಾಡಿದೆ. ಹಲ್ಲಿನದ್ದಿರಬೇಕು ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅವರು ಕೈಯಿಂದ ಮುಟ್ಟಿ, "ಟೀಚರ್ರ, ಇದು ನನ್ನ ಖಾತೆದಲ್ಲ, ಕಿವಿ-ಮೂಗು-ಗಂಟಲಿನವ್ರ ಕಡೆ ಹೋಗ್ರಿ" ಅಂದರು.

ಗಂಟು ಎದ್ದದ್ದು ಪೆರೋಟಿಡ್ ಗ್ರಂಥಿಯಲ್ಲಿ. ಮಂಗನಬಾವು ಬಂದಾಗ ಉಬ್ಬುತ್ತದಲ್ಲ, ಅದೇ. ಜೊಲ್ಲು ಮಾಡುವ ದೊಡ್ಡ ಗ್ರಂಥಿಗಳು ಮೂರು ಜೋಡಿ: ಕಿವಿಯ ಮುಂದೆ ಒಂದು, ದವಡೆಯ ಕೆಳಗೆ ಒಂದು, ನಾಲಿಗೆಯ ಅಡಿಯಲ್ಲಿ ಒಂದು. ಇವುಗಳಲ್ಲಿ ಕಿವಿಯ ಮುಂದಿನದೇ ದೊಡ್ಡದು, ಗಂಟುಗಳು ಹೆಚ್ಚಾಗಿ ಏಳುವುದೂ ಅಲ್ಲಿಯೇ. ಡಾಕ್ಟರರ ಬಾಯಲ್ಲಿ ಓಡಾಡುವ ಒಂದು ಅಂದಾಜಿದೆ: ಜೊಲ್ಲುಗ್ರಂಥಿಯ 100 ಗಂಟುಗಳಲ್ಲಿ 80 ಪೆರೋಟಿಡ್‌ನವು, ಪೆರೋಟಿಡ್‌ನ 100ರಲ್ಲಿ 80 ಕ್ಯಾನ್ಸರಲ್ಲದವು. ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿದಾಗ ನನ್ನದೂ ಆ ದೊಡ್ಡ ಪಾಲಿನಲ್ಲಿಯೇ ಬಂತು. ಪ್ಲಿಯೋಮಾರ್ಫಿಕ್ ಅಡೆನೋಮಾ. ಹೆಸರು ಕೇಳಿ ನಮ್ಮ ಮನೆಯವರು, "ಇಷ್ಟುದ್ದ ಹೆಸರಿಟ್ಟು ಕ್ಯಾನ್ಸರಲ್ಲ ಅಂತಾರಲ್ಲ" ಅಂತ ನಿಟ್ಟುಸಿರು ಬಿಟ್ಟರು.

ಕ್ಯಾನ್ಸರಲ್ಲದಿದ್ದರೆ ಬಿಟ್ಟುಬಿಡಬಹುದಲ್ಲ ಅಂತ ನಾನೂ ಕೇಳಿದೆ. ಅದು ನಿಲ್ಲುವುದಿಲ್ಲವಂತೆ, ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದಂತೆ. ಹತ್ತಿಪ್ಪತ್ತು ವರ್ಷ ಹಾಗೇ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಅದು ಹೋಗಲಿ, ಈ ಗಂಟಿನ ವಿಷಯದಲ್ಲಿ ನನಗೆ ಡಾಕ್ಟರಿಗಿಂತ ಹೆಚ್ಚು ಹೇಳಿದ್ದು ನಮ್ಮ ಕಾಕಾನ ಮುಖ.

ಕಾಕಾಗೂ ಇದೇ ಗಂಟು, ಬಲಗಡೆ. ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಒಂದು ಸಣ್ಣ ದವಾಖಾನೆಯಲ್ಲಿ ಅಲ್ಲಿಗಷ್ಟೇ ಮರವಿನ ಸೂಜಿ ಹಾಕಿ, ಗಂಟಿನ ಮೇಲೆಯೇ ಕೊಯ್ದು, ಬಟಾಣಿ ಸುಲಿದಂತೆ ಸುಲಿದು ತೆಗೆದಿದ್ದರು. ಒಂದು ತಾಸಿನ ಕೆಲಸ. ಸಂಜೆ ಬಸ್ಸಿಗೆ ಕಾಕಾ ಊರಿಗೆ. ಎಲ್ಲರೂ ಆ ಡಾಕ್ಟರನ್ನು ಹೊಗಳಿದ್ದೇ ಹೊಗಳಿದ್ದು. ಹನ್ನೆರಡು ವರ್ಷದ ಮೇಲೆ ಅದೇ ಜಾಗದಲ್ಲಿ ದ್ರಾಕ್ಷಿ ಗೊಂಚಲಿನಂತೆ ಆರೇಳು ಗಂಟುಗಳು ಎದ್ದವು.

ಈ ಗಂಟಿಗೆ ಮೇಲೊಂದು ಚಿಪ್ಪು ಇರುತ್ತದೆ, ಆದರೆ ಪೂರ್ತಿ ಸುತ್ತುಗಟ್ಟಿದ ಚಿಪ್ಪಲ್ಲ. ಅಲ್ಲಲ್ಲಿ ಬೆರಳು ಚಾಚಿದ ಹಾಗೆ ಗಂಟು ಚಿಪ್ಪಿನ ಹೊರಗೂ ಇಣುಕುತ್ತದೆ. ಸುಲಿದು ತೆಗೆದರೆ ಆ ಬೆರಳುಗಳು ಒಳಗೇ ಉಳಿಯುತ್ತವೆ. ಸುಲಿಯುವಾಗ ಚಿಪ್ಪು ಒಡೆದರಂತೂ ಬೀಜ ಚೆಲ್ಲಿದ ಹಾಗೆ. ಅದಕ್ಕೇ ಈಗ ಗಂಟನ್ನಷ್ಟೇ ಮುಟ್ಟುವುದಿಲ್ಲ, ಸುತ್ತಲಿನ ಒಳ್ಳೆಯ ಗ್ರಂಥಿಯನ್ನೂ ಸೇರಿಸಿ ತೆಗೆಯುತ್ತಾರೆ. ಕಾಕಾನ ಎರಡನೇ ಆಪರೇಶನ್ ದೊಡ್ಡ ಊರಿನಲ್ಲಿಯೇ ಆಯಿತು, ಆದರೆ ಹಳೆಯ ಗಾಯದ ಕಲೆಯಲ್ಲಿ ನರ ಹೂತುಹೋಗಿತ್ತು. ಉಳಿಸಲು ಆಗಲಿಲ್ಲ. ಬಲಗಣ್ಣು ಪೂರ್ತಿ ಮುಚ್ಚುವುದಿಲ್ಲ, ರಾತ್ರಿ ಮುಲಾಮು ಹಾಕಿ ಪಟ್ಟಿ ಅಂಟಿಸಿಕೊಂಡು ಮಲಗುತ್ತಾರೆ. ಬಾಯಿ ಎಡಕ್ಕೆ ಎಳೆದಿದೆ. "ಬಾಯಿ ವಾರಿ ಆಗ್ಯದ, ಮಾತು ವಾರಿ ಆಗಿಲ್ಲ" ಅನ್ನುವುದು ಅವರು ಹೊಸಬರ ಎದುರು ಹೇಳುವ ಮೊದಲ ಮಾತು. ಎದುರಿನವರಿಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಒದ್ದಾಡುವ ಮೊದಲೇ ತಾವೇ ಹೇಳಿ ಮುಗಿಸುತ್ತಾರೆ.

ಹಾಗಾಗಿ ನಾನು ಡಾಕ್ಟರ ಮುಂದೆ ಕೂತಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಬಾಯಿ ವಾರಿ ಆಗ್ತದೇನ್ರಿ?

ಅವರು ನಮ್ಮ ಕಡೆಯವರೇ. ಚಿತ್ರ ಬರೆಯಲು ಪೆನ್ನು ತೆಗೆದವರು ಮತ್ತೆ ಇಟ್ಟು, "ನಿಮ್ಮ ಎಡಗೈ ತಗೋರಿ, ಮಣಿಕಟ್ಟು ಕಿವಿ ಕೆಳಗ ಇಡ್ರಿ, ಬೆರಳು ಮಾರಿ ಮ್ಯಾಲ ಅಗಲಿಸ್ರಿ" ಅಂದರು. ಇಟ್ಟೆ. ಹೆಬ್ಬೆರಳು ಹಣೆಯ ಕಡೆ, ತೋರುಬೆರಳು ಕಣ್ಣಿನ ಕಡೆ, ನಡುಬೆರಳು ಗಲ್ಲದ ಮೇಲೆ, ಉಂಗುರಬೆರಳು ದವಡೆಯ ಅಂಚಿಗೆ, ಕಿರುಬೆರಳು ಕುತ್ತಿಗೆಗೆ. "ಇದೇ ನೋಡ್ರಿ ಮುಖದ ನರ. ತಲಿಬುರುಡಿ ಒಳಗಿಂದ ಒಂದೇ ಕಾಂಡ ಬರ್ತದ, ಗ್ರಂಥಿ ಒಳಗ ಹೊಕ್ಕು ಐದು ಟೊಂಗಿ ಆಗ್ತದ. ಗಂಟು ತೆಗೆಯೋದು ದೊಡ್ಡ ಮಾತಲ್ಲ. ಈ ಕೈಗೆ ಪೆಟ್ಟಾಗದಂಗ ತೆಗೆಯೋದೇ ಆಪರೇಶನ್."

ಆ ಮಾತಿನ ಭಾರ ನನಗೆ ತಿಳಿದದ್ದು ಆಮೇಲೆ, ಅವರೇ ಬಿಡಿಸಿ ಹೇಳಿದಾಗ. ಕಿವಿಯ ಮುಂದಿನಿಂದ ಇಳಿದು, ಹಾಲೆಯನ್ನು ಬಳಸಿ ಹಿಂದೆ ಹೋಗಿ, ಮತ್ತೆ ಮುಂದಕ್ಕೆ ತಿರುಗಿ ಕುತ್ತಿಗೆಯ ಮಡಿಕೆಯಲ್ಲಿ ಮುಗಿಯುವ ಗೀಟು ಕೊಯ್ಯುತ್ತಾರೆ. ಗುರುತು ಮಡಿಕೆಯಲ್ಲಿ ಅಡಗುತ್ತದೆ. ಚರ್ಮದ ಪದರ ಎತ್ತಿದ ಮೇಲೆ ಗಂಟಿನ ಕಡೆ ಹೋಗುವುದೇ ಇಲ್ಲ. ಮೊದಲು ನರ ಹುಡುಕುತ್ತಾರೆ. ಕಿವಿಯ ಮೃದು ಎಲುಬಿನ ಒಂದು ತುದಿ ಬಾಣದ ಮೊನೆಯ ಹಾಗೆ ಒಳಗೆ ಚಾಚಿರುತ್ತದೆ. ಅದು ತೋರಿಸುವ ಕಡೆ, ಅದಕ್ಕಿಂತ ಒಂದು ಸೆಂಟಿಮೀಟರ್ ಆಳಕ್ಕೆ, ತುಸು ಕೆಳಗೆ, ಎರಡು ಮೂರು ಮಿಲಿಮೀಟರ್ ದಪ್ಪದ ಬಿಳಿ ಕಾಂಡ. ದವಡೆಯ ಕೆಳಗಿನ ಡೈಗ್ಯಾಸ್ಟ್ರಿಕ್ ಅನ್ನುವ ಸ್ನಾಯು ಇನ್ನೊಂದು ಗುರುತು. ಕಾಂಡ ಸಿಕ್ಕ ಮೇಲೆ ಟೊಂಗೆಟೊಂಗೆ ಹಿಡಿದು ಮುಂದೆ ಹೋಗುವುದು. ಚಿಮಟದ ಬಾಯಿ ನರದ ಮೇಲೆ ಮೆಲ್ಲಗೆ ಅಗಲಿಸಿ, ಕೆಳಗೆ ನರ ಕಂಡರೆ ಮಾತ್ರ ಮೇಲಿನದನ್ನು ಕತ್ತರಿಸುವುದು. ಕಾಣದಿದ್ದರೆ ಕತ್ತರಿ ಮುಚ್ಚಿಕೊಂಡು ಕೂರುವುದು. ಒಂದು ಹನಿ ರಕ್ತ ಹರಡಿದರೂ ಬಿಳಿ ನರ ಕಾಣದಾಗುತ್ತದೆ, ಹಾಗಂತ ನರದ ಹತ್ತಿರ ಬೇಕಾಬಿಟ್ಟಿ ಸುಟ್ಟು ರಕ್ತ ನಿಲ್ಲಿಸುವ ಹಾಗೂ ಇಲ್ಲ.

ಅರಿವಳಿಕೆ ಕೊಡುವವರಿಗೂ ಇಲ್ಲೊಂದು ಕಟ್ಟುಪಾಡು. ಸಾಮಾನ್ಯವಾಗಿ ಮೈಯ ಸ್ನಾಯು ಸಡಿಲ ಬಿಡಲು ಔಷಧಿ ಕೊಡುತ್ತಾರಂತೆ. ಇಲ್ಲಿ ಆ ಔಷಧಿಯ ಪರಿಣಾಮ ಬೇಗ ಇಳಿಯಬೇಕು. ಯಾಕೆಂದರೆ ನನ್ನ ಕಣ್ಣಿನ ಹತ್ತಿರ, ತುಟಿಯ ಹತ್ತಿರ ಸಣ್ಣ ಸೂಜಿ ಚುಚ್ಚಿ ಒಂದು ಯಂತ್ರಕ್ಕೆ ಜೋಡಿಸಿದ್ದರು. ನರಕ್ಕೆ ತುಸು ಕರೆಂಟು ತಾಗಿಸಿದರೆ ತುಟಿ ಅದುರಬೇಕು, ಯಂತ್ರ ಸದ್ದು ಮಾಡಬೇಕು. ಸ್ನಾಯು ಪೂರ್ತಿ ಸತ್ತಂತೆ ಮಲಗಿದ್ದರೆ ಯಂತ್ರವೂ ಮೂಕ. ಮೂರು ತಾಸು ನಾನು ಮಲಗಿದ್ದೆ, ನನ್ನ ತುಟಿ ಮಾತ್ರ ಅವರೊಂದಿಗೆ ಮಾತಾಡುತ್ತಿತ್ತು.

ಎಚ್ಚರವಾದಾಗ ಮೊದಲು ಕೇಳಿದ ದನಿ: "ಟೀಚರ್ರ, ಕಣ್ಣು ಗಟ್ಟಿ ಮುಚ್ಚರಿ. ಹಾಂ. ಈಗ ಹಲ್ಲು ಕಿಸೀರಿ." ನೋವು ಅದೆ ಏನು, ನೀರು ಬೇಕೇನು, ಯಾವುದೂ ಇಲ್ಲ. ಹಲ್ಲು ಕಿಸಿದೆ. ಕಣ್ಣು ಸರಿ, ಹಣೆ ಸರಿ. ಕೆಳತುಟಿಯ ಎಡಭಾಗ ಇಳಿಯಲಿಲ್ಲ, ಗಲ್ಲ ಉಬ್ಬಿಸಿದರೆ ಗಾಳಿ ಸೋರಿತು. ನರ ಕತ್ತರಿಸಿಲ್ಲ, ಎಳೆದಾಟದಲ್ಲಿ ಸುಸ್ತಾಗಿದೆ, ಬರುತ್ತದೆ ಅಂದರು. ದವಡೆಯ ಅಂಚಿಗೆ ಹೋಗುವ ಟೊಂಗೆ ಬಹಳ ಸಣ್ಣದು, ಈ ಆಪರೇಶನ್‌ನಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಅದೇ.

ಪಕ್ಕದ ಹಾಸಿಗೆಯಲ್ಲಿ ಆಳಂದದ ಕಡೆಯ ಒಬ್ಬ ಅಜ್ಜ ಇದ್ದರು. ಅವರದ್ದು ದವಡೆ ಕೆಳಗಿನ ಗ್ರಂಥಿ, ಒಳಗೆ ಕಲ್ಲು. ಜೊಲ್ಲಿನ ಕಲ್ಲುಗಳಲ್ಲಿ ಹೆಚ್ಚಿನವು ಅಲ್ಲಿಯೇ ಕಟ್ಟುವುದು. ಉಣ್ಣಲು ಕೂತರೆ ಸಾಕು, ಅವರ ಗದ್ದ ಉಬ್ಬುತ್ತಿತ್ತಂತೆ. "ಹೊಟ್ಟಿಗೆ ಹಾಕೋದಕ್ಕಿಂತ ಮೊದಲ ಗದ್ದಕ್ಕ ತುಂಬತಿತ್ತವ್ವಾ" ಅನ್ನುತ್ತಿದ್ದರು. ಅವರಿಗೆ ಕೊಯ್ದದ್ದು ದವಡೆಯಿಂದ ಎರಡು ಬೆರಳು ಕೆಳಗೆ, ಕಾರಣ ಮತ್ತೆ ಅದೇ ಸಣ್ಣ ಟೊಂಗೆ. ಅಲ್ಲಿ ನಾಲಿಗೆಯ ನರಗಳನ್ನೂ ಕಾಯಬೇಕು. ಮೂರನೇ ದಿನ ಅಜ್ಜ ಬಿಸಿ ಅಂಬಲಿ ಕುಡಿದು ಮನೆಗೆ ಹೋದರು. ಹೋಗುವಾಗ ನನಗೆ ಹೇಳಿದರು, "ನೀ ಮಾತಾಡಬ್ಯಾಡ, ನಿಂದು ಗಾಳಿ ಹೋಗಲಾಕತ್ತದ."

ನಾನು ಕನ್ನಡ ಟೀಚರು. ಪ ಫ ಬ ಭ ಮ, ತುಟಿ ಕೂಡಿದರೆ ಹುಟ್ಟುವ ಅಕ್ಷರಗಳು, ಓಷ್ಠ್ಯ ಅಂತ ಇಪ್ಪತ್ತು ವರ್ಷ ಪಾಠ ಮಾಡಿದ್ದೆ. ತುಟಿ ಕೂಡಿದರೆ ಸಾಲದು, ಒಳಗಿನ ಗಾಳಿಯನ್ನು ಒಂದು ಚಣ ಬಿಗಿ ಹಿಡಿಯಬೇಕು ಅನ್ನುವುದು ಆಗ ತಿಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಆಟೋದವನಿಗೆ "ಅಪ್ಪನ ಗುಡಿ" ಅಂದೆ. "ಯಾ ಗುಡಿರಿ?" ಅಂದ. ಕಲಬುರಗಿಯಲ್ಲಿ ಅಪ್ಪನ ಗುಡಿ ಅಂದರೆ ಯಾವುದು ಅಂತ ಕೇಳುವ ಆಟೋದವನನ್ನು ನಾನು ಹುಟ್ಟಿದಾಗಿಂದ ಕಂಡಿಲ್ಲ. ಮತ್ತೆ ಹೇಳಿದೆ. ಮೂರನೇ ಸಲ "ಶರಣಬಸವೇಶ್ವರ" ಅಂದೆ, ಅದರಲ್ಲಿ ಒಂದೇ ಬ ಇರುವುದು ಪುಣ್ಯ. ಕನ್ನಡಿ ಮುಂದೆ ದಿನಾ ಹತ್ತು ನಿಮಿಷ ಪ, ಪಾ, ಪಿ, ಪೀ ಕಾಗುಣಿತ ಓದಿದೆ. ಒಂದನೇ ಇಯತ್ತೆಯ ಹುಡುಗಿಯ ಹಾಗೆ. ಜನವರಿ ಕೊನೆಯ ಹೊತ್ತಿಗೆ ಒಂದು ದಿನ ಎಂಟನೇ ತರಗತಿಯಲ್ಲಿ "ಹಬ್ಬ" ಅಂದೆ, ಗಟ್ಟಿಯಾಗಿ ಬಂತು. ಹುಡುಗರಿಗೆ ಏನೂ ಗೊತ್ತಾಗಲಿಲ್ಲ. ನಾನು ಮಾತ್ರ ಇನ್ನೆರಡು ಸಲ "ಹಬ್ಬ, ಹಬ್ಬ" ಅಂದೆ.

ತುಟಿ ಬಂತು. ಕಿವಿ ಬರಲಿಲ್ಲ.

ಕುತ್ತಿಗೆಯಿಂದ ಮೇಲೆ ಹತ್ತಿ ಕಿವಿಯ ಹಾಲೆಗೆ ಹೋಗುವ ಒಂದು ಸ್ಪರ್ಶದ ನರ ಇದೆ. ಗ್ರಂಥಿಗೆ ದಾರಿ ಮಾಡುವಾಗ ಅದು ಅಡ್ಡ ಬರುತ್ತದೆ. ಅದರ ಹಿಂದಿನ ಕವಲನ್ನು ಕೆಲವೊಮ್ಮೆ ಉಳಿಸಬಹುದು, ನನ್ನದು ಗಂಟಿಗೆ ಅಂಟಿಕೊಂಡಿದ್ದರಿಂದ ಆಗಲಿಲ್ಲ. ನನ್ನ ಎಡಹಾಲೆ ನನ್ನದಲ್ಲ ಅನ್ನಿಸುತ್ತಿತ್ತು. ತಲೆದಿಂಬಿಗೆ ಒರಗಿದರೆ ನಡುವೆ ಯಾರೋ ರಬ್ಬರಿನ ತುಂಡು ಇಟ್ಟ ಹಾಗೆ. ಫೋನು ಕಿವಿಗೆ ತಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ತಿರುಗಾಡಿ ಬಂದ ಸಂಜೆ ಮಗಳು, "ಮಮ್ಮಿ, ಒಂದು ಬೆಂಡೋಲೆ ಎಲ್ಲಿ?" ಅಂದಳು. ಅವ್ವ ಮದುವೆಯಲ್ಲಿ ಹಾಕಿದ್ದು. ತಿರುಪು ಸಡಿಲಾಗಿ ಬಿದ್ದಿದ್ದರೆ ಬೇರೆಯವರಿಗೆ ಕುತ್ತಿಗೆಯ ಮೇಲೆ ಜಾರಿದ್ದು ಗೊತ್ತಾಗುತ್ತಿತ್ತು. ನನಗೆ ಗೊತ್ತಾಗಲಿಲ್ಲ. ವರ್ಷದ ಮೇಲೆ ಮರವಿನ ಜಾಗ ಸುತ್ತಲಿನಿಂದ ಕುಗ್ಗುತ್ತ ಬಂದು ಈಗ ಹಾಲೆಯ ತುದಿಗೆ ನಿಂತಿದೆ. ಓಲೆ ಹಾಕುವ ತೂತು ಇರುವುದು ಸರಿಯಾಗಿ ಅಲ್ಲಿಯೇ.

ಇಷ್ಟರ ಮೇಲೆ ಎಳ್ಳಮಾಸಿಯ ಬೆವರು. ಸಿಟ್ಟು ಬಂತು. ಬಾಯಿಯ ವಿಷಯ ಅಷ್ಟು ಹೇಳಿದರು, ಇದನ್ನು ಯಾಕೆ ಹೇಳಲಿಲ್ಲ? ಮರುವಾರವೇ ಹೋಗಿ ಕೂತೆ. "ಸರ, ಇದು ನೀವು ನನಗ ಹೇಳೇ ಇಲ್ಲ" ಅಂದೆ. ಟೀಚರ ದನಿಯಲ್ಲಿಯೇ ಅಂದಿರಬೇಕು, ಬಾಗಿಲಲ್ಲಿದ್ದ ಸಿಸ್ಟರ್ ತಿರುಗಿ ನೋಡಿದಳು.

ಡಾಕ್ಟರು ಏನೂ ಅನ್ನಲಿಲ್ಲ. ನನ್ನ ಹಳೆಯ ಫೈಲು ತರಿಸಿದರು, ಒಪ್ಪಿಗೆ ಪತ್ರ ತೆಗೆದು ನನ್ನ ಕಡೆ ತಿರುಗಿಸಿ ಇಟ್ಟರು. ಕನ್ನಡದಲ್ಲಿ ಟೈಪು ಮಾಡಿದ ಪತ್ರ. ಏಳನೇ ಸಾಲು: "ಊಟದ ವೇಳೆ ಗಲ್ಲದ ಮೇಲೆ ಬೇವರು ಬರುವ ಸಾಧ್ಯತೆ." ಆ "ಬೇ" ಮೇಲೆ ಕೆಂಪು ಗೀಟು. ಪಕ್ಕದಲ್ಲಿ ನನ್ನದೇ ಅಕ್ಷರ, ದುಂಡಗೆ: ಬೆವರು.

ಆವತ್ತು ಸಹಿ ಹಾಕುವಾಗ ಕೈಗೆ ಸಿಕ್ಕದ್ದು ಶಾಲೆಯ ಕೆಂಪು ಪೆನ್ನು. ಇಡೀ ಹಾಳೆಯಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿ ಸಹಿ ಹಾಕಿದ್ದು ನೆನಪಿತ್ತು, ಸಿಸ್ಟರ್ ನಕ್ಕಿದ್ದೂ ನೆನಪಿತ್ತು. ಏನು ತಿದ್ದಿದೆ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ. ಇನ್ನೊಂದು ತಪ್ಪು ಆರನೇ ಸಾಲಿನಲ್ಲಿ, "ಕೀವಿ" ಅಂತಿದ್ದದ್ದನ್ನು "ಕಿವಿ" ಮಾಡಿದ್ದೆ. ಕಿವಿಯ ಮರವು, ಗಲ್ಲದ ಬೆವರು. ನನಗೆ ಬಂದ ಎರಡನ್ನೂ ನಾನೇ ತಿದ್ದಿ ಕೊಟ್ಟಿದ್ದೆ.

"ಬಾಯಿ ವಾರಿ ಆಗ್ತದೇನು ಅಂತ ಎಂಟು ಸಲ ಕೇಳಿದ್ರಿ ಟೀಚರ್ರ" ಅಂದರು ಡಾಕ್ಟರು. "ಉಳಿದದ್ದು ನಾ ಹೇಳಿದ್ದು ಗ್ವಾಡಿಗೆ ಹೇಳಿದಂಗಾಯ್ತು."

ಆಮೇಲೆ ಪರೀಕ್ಷೆ ಮಾಡಿದರು. ಗಲ್ಲಕ್ಕೆ ಹತ್ತಿಯಿಂದ ಅಯೋಡಿನ್ ಬಳಿದರು, ಒಣಗಿದ ಮೇಲೆ ತೆಳ್ಳಗೆ ಪಿಷ್ಟದ ಪುಡಿ ಉದುರಿಸಿದರು. ಆಲೂಗಡ್ಡೆಯ ಮೇಲೆ ಅಯೋಡಿನ್ ಹಾಕಿ ನೀಲಿ ಮಾಡುವ ಪ್ರಯೋಗವನ್ನು ನಮ್ಮ ಶಾಲೆಯ ವಿಜ್ಞಾನದ ಸರ್ ವರ್ಷಾ ಮಾಡಿಸುತ್ತಾರೆ, ಇದೂ ಅದೇ. ಮೈನರ್ ಅನ್ನುವವರು 1920ರ ದಶಕದಲ್ಲಿ ಕಂಡುಹಿಡಿದ ಪರೀಕ್ಷೆಯಂತೆ. ಪುಡಿ ಒಣಗಿರುವವರೆಗೆ ಏನೂ ಇಲ್ಲ, ಬೆವರಿನ ತೇವ ಸಿಕ್ಕರೆ ಬಣ್ಣ. ಏನಾದರೂ ಹುಳಿ ತಿನ್ನಬೇಕು ಅಂದರು. ನನ್ನ ಪರ್ಸಿನಲ್ಲಿ ಹುಡುಗರಿಂದ ಕಸಿದುಕೊಂಡ ಹುಣಸೆ ಚಿಗಳಿ ಒಂದಿತ್ತು. ಬಾಯಿಗಿಟ್ಟು ಚೀಪಿದೆ. ಸಿಸ್ಟರ್ ಕನ್ನಡಿ ಹಿಡಿದಳು. ಮೊದಲು ಕಿವಿಯ ಮುಂದೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು, ಹತ್ತು, ಇಪ್ಪತ್ತು. ಆಮೇಲೆ ಒಂದಕ್ಕೊಂದು ಕೂಡಿಕೊಂಡವು. ಎರಡು ಮೂರು ನಿಮಿಷದಲ್ಲಿ ಗಲ್ಲದ ಮೇಲೆ ಕಪ್ಪುನೀಲಿ ಬಣ್ಣದ ಒಂದು ನಕಾಶೆ ಮೂಡಿತ್ತು. ಎರೆಹೊಲಕ್ಕೆ ಮೊದಲ ಮಳೆ ಹನಿ ಬಿದ್ದಾಗ ನೆಲ ಹೀಗೆಯೇ ಚುಕ್ಕೆಚುಕ್ಕೆಯಾಗಿ ಕಪ್ಪಾಗುತ್ತದೆ.

ಗ್ರಂಥಿಗೆ "ಜೊಲ್ಲು ಬಿಡು" ಅಂತ ಅಪ್ಪಣೆ ತರುವ ನರದ ಎಳೆಗಳು ಗ್ರಂಥಿಯೊಂದಿಗೆ ತುಂಡಾಗಿರುತ್ತವೆ. ನರದ ಎಳೆ ಮತ್ತೆ ಬೆಳೆಯುತ್ತದೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಬೆಳೆದು ಬಂದು ನೋಡಿದರೆ ಹಳೆಯ ಮನೆ ಇಲ್ಲ. ಮೇಲೆ ಚರ್ಮದಲ್ಲಿ ಬೆವರಿನ ಗ್ರಂಥಿಗಳಿವೆ, ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತದೆ. ತಪ್ಪು ವಿಳಾಸಕ್ಕೆ ಹೋದ ಕಾಗದವನ್ನು ಆ ಮನೆಯವರು ಓದದೆ ಇಟ್ಟಿದ್ದರೆ ತೊಂದರೆಯಿರಲಿಲ್ಲ. ಆದರೆ ಜೊಲ್ಲಿನ ಗ್ರಂಥಿಗೂ ಬೆವರಿನ ಗ್ರಂಥಿಗೂ ಬರುವ ಕಾಗದದ ಲಿಪಿ ಒಂದೇ, ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ. ಹೀಗಾಗಿ ಬಾಯಿಗೆ ಹುಣಸೆ ಬಿದ್ದರೆ ಗಲ್ಲ ಬೆವರುತ್ತದೆ. ಎಳೆಗಳು ಬೆಳೆದು ತಲುಪಲು ತಿಂಗಳುಗಳು ಬೇಕು, ಅದಕ್ಕೇ ತಡವಾಗಿ ಬರುವುದು.

ಇದಕ್ಕೆ ಫ್ರೇ ಸಿಂಡ್ರೋಮ್ ಅಂತ ಹೆಸರು. ಫ್ರೇ ಅಂದರೆ ಯಾರೋ ಗಡ್ಡದ ಸಾಹೇಬರಿರಬೇಕು ಅಂದುಕೊಂಡಿದ್ದೆ. ಲೂಸಿಯಾ ಫ್ರೇ, ಪೋಲೆಂಡಿನ ನರರೋಗದ ಡಾಕ್ಟರು, ಹೆಣ್ಣುಮಗಳು. ಗುಂಡೇಟು ತಿಂದ ಸೈನಿಕನೊಬ್ಬ ಉಣ್ಣುವಾಗ ಗಲ್ಲ ಬೆವರುತ್ತದೆ ಅಂತ ಬಂದದ್ದನ್ನು ಕೂತು ವಿಚಾರಿಸಿ, ಯಾವ ನರ ಅಂತ ಗುರುತಿಸಿ 1923ರಲ್ಲಿ ಬರೆದವರು. ಯಹೂದಿ ಅನ್ನುವ ಕಾರಣಕ್ಕೆ 1942ರಲ್ಲಿ ನಾಜಿಗಳ ಕೈಯಲ್ಲಿ ಸತ್ತರು. ಭಜ್ಜಿ ತಿಂದಾಗೊಮ್ಮೆ ಈ ಹೆಸರು ನೆನಪಾಗುತ್ತದೆ.

ಆಪರೇಶನ್ ಮಾಡುವಾಗಲೇ ಚರ್ಮದ ಪದರ ದಪ್ಪಗೆ ಎತ್ತುವುದು, ನಡುವೆ ಸ್ನಾಯು ಅಥವಾ ಕೊಬ್ಬಿನ ಪದರ ಅಡ್ಡ ಇಡುವುದು, ಹೀಗೆ ಇದನ್ನು ಕಡಿಮೆ ಮಾಡುವ ಉಪಾಯಗಳಿವೆ. ಬಂದ ಮೇಲೆ ಬೆವರು ತಡೆಯುವ ಮುಲಾಮು ಹಚ್ಚಬಹುದು, ಇಲ್ಲವೆ ಚರ್ಮಕ್ಕೆ ಬೊಟಾಕ್ಸ್ ಸೂಜಿ ಹಾಕಿಸಬಹುದು. ಸೂಜಿಯ ಪರಿಣಾಮ ಎಷ್ಟೋ ತಿಂಗಳು ಇರುತ್ತದೆ, ಮತ್ತೆ ಹಾಕಿಸಬೇಕು. ನಾನು ಬೇಡ ಅಂದೆ. ಎಡಗೈಯಲ್ಲಿ ಒಂದು ಕರವಸ್ತ್ರ ಸಾಕು. ಈ ಮಾತು ಕೇಳಿ ಕಾಕಾ, "ನನ್ನ ಕಣ್ಣಿಗೂ ಒಂದು ಕರವಸ್ತ್ರ ಸಾಕಾಗಿದ್ರ ಎಷ್ಟು ಚಲೋ ಇತ್ತು" ಅಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವರಿಗಿಲ್ಲದ ಐದು ಬೆರಳು ನನಗೆ ಉಳಿದಿವೆ, ಆದರೆ ಉಳಿದದ್ದು ದಿನಾ ನೆನಪಾಗುವುದಿಲ್ಲ.

ಏಳುವಾಗ ಡಾಕ್ಟರು ಆ ಒಪ್ಪಿಗೆ ಪತ್ರದ ಖಾಲಿ ಪ್ರತಿ ಒಂದನ್ನು ಕೈಗಿಟ್ಟರು. "ತಿದ್ದೋದೇ ಆದ್ರ ಪೂರಾ ತಿದ್ದಿ ಕೊಡ್ರಿ ಟೀಚರ್ರ. ಓದಿದವ್ರಿಗೆ ತಿಳಿಯೋ ಹಂಗ."

ಎರಡು ರವಿವಾರ ಹಿಡಿಯಿತು. "ಸಾಧ್ಯತೆ" ಅನ್ನುವ ಪದವನ್ನೆಲ್ಲ ತೆಗೆದೆ. ಏಳನೇ ಸಾಲಿಗೆ ಹೀಗೆ ಬರೆದೆ: "ಉಣ್ಣುವಾಗ, ಅದರಲ್ಲೂ ಹುಳಿ-ಖಾರ ತಿನ್ನುವಾಗ, ಆಪರೇಶನ್ ಆದ ಕಡೆಯ ಗಲ್ಲ ಬೆವರಬಹುದು. ಆರು ತಿಂಗಳು, ವರ್ಷ ಬಿಟ್ಟು ಶುರುವಾಗಬಹುದು." ಆರನೇ ಸಾಲಿಗೆ: "ಕಿವಿಯ ಹಾಲೆ ಮರಗಟ್ಟುತ್ತದೆ. ಓಲೆ ಬಿದ್ದರೂ ತಿಳಿಯುವುದಿಲ್ಲ. ತಿರುಪು ನೋಡಿಕೊಳ್ಳಿ."

ಡಾಕ್ಟರು ಓದಿ ಓಲೆಯ ಮಾತಿಗೆ ನಕ್ಕರು, ಇದು ದವಾಖಾನೆ ಕಾಗದ, ಆ ಎರಡು ವಾಕ್ಯ ತೆಗೆಯೋಣ ಅಂದರು. ತೆಗೆಯಬೇಡಿ ಅಂದೆ. ಕೆಂಪು ಪೆನ್ನು ಅವರ ಕೈಯಲ್ಲಿತ್ತು. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು, ಆಮೇಲೆ ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟರು.